ಟ್ಯಾಟಿಂಗ್ ಲೇಸ್‌ನ ಓಲೆ ಮುದುಡದಿರಬೇಕಾದರೆ

ಪ್ರಶ್ನೆ: ಎಂಟು ತಿಂಗಳಿಂದ ಶಟಲ್, ಅಂದರೆ ನೂಲು ಸುತ್ತಿದ ಪುಟ್ಟ ಸಾಧನ ಹಿಡಿದು, ಗಂಟುಗಳಿಂದಲೇ ಲೇಸ್ ಹೆಣೆಯುವ ಟ್ಯಾಟಿಂಗ್ ಕಲಿಯುತ್ತಿದ್ದೇನೆ. ರಿಂಗ್ (ಗಂಟುಗಳ ಸುತ್ತು), ಚೈನ್ (ಗಂಟುಗಳ ಕಮಾನು), ಪಿಕೋ (ಗಂಟುಗಳ ನಡುವೆ ಬಿಡುವ ಎಳೆಯ ಕುಣಿಕೆ), ಜೋಡಣೆ ಎಲ್ಲವೂ ಬರುತ್ತವೆ. ಈಗ ಗೆಳತಿಯರಿಗೆ ಉಡುಗೊರೆ ಕೊಡಲು ಕಿವಿಯೋಲೆ, ಬುಕ್‌ಮಾರ್ಕ್, ಕೈಪಟ್ಟಿಗಳನ್ನು ಮಾಡತೊಡಗಿದ್ದೇನೆ. ಆದರೆ ಓಲೆಗಳು ನಾಲ್ಕಾರು ಸಲ ಹಾಕಿಕೊಳ್ಳುವಷ್ಟರಲ್ಲಿ ಮುದುಡಿಕೊಳ್ಳುತ್ತವೆ. ಕೊನೆಯಲ್ಲಿ ಹಾಕಿದ ಗಂಟು ಎದ್ದು ಕಾಣುತ್ತದೆ. ಜೋಡಿಯಲ್ಲಿ ಒಂದು ದೊಡ್ಡದು, ಇನ್ನೊಂದು ಚಿಕ್ಕದು ಆಗುತ್ತದೆ. ಗಂಜಿಯನ್ನು ಇನ್ನಷ್ಟು ಗಟ್ಟಿಯಾಗಿ ಹಾಕಿದರೆ ಸರಿಹೋದೀತೆ? ಯಾವ ನೂಲು, ಯಾವ ಮಣಿ ಒಳ್ಳೆಯದು?

ಉತ್ತರ: ನೀವು ಹೇಳಿದ ಮೂರೂ ತೊಂದರೆಗಳು ಹುಟ್ಟುವ ಜಾಗ ಒಂದೇ. ಒಡವೆಯನ್ನು ಮುಗಿಸುವುದು ಹೇಗೆಂಬುದನ್ನು ಮೊದಲ ಗಂಟು ಹಾಕುವ ಮುನ್ನವೇ ತೀರ್ಮಾನಿಸಬೇಕು. ನೀವು ಅದನ್ನು ಕೊನೆಗೆ ಬಿಟ್ಟಿದ್ದೀರಿ. ಕರವಸ್ತ್ರದ ಅಂಚಿಗೆ ಮಾಡುವ ಲೇಸ್ ಆಗಿದ್ದರೆ ಇದು ಅಷ್ಟು ಬಾಧಿಸುತ್ತಿರಲಿಲ್ಲ, ಏಕೆಂದರೆ ಬಟ್ಟೆಯೇ ಅದನ್ನು ಹಿಡಿದು ನಿಲ್ಲಿಸುತ್ತದೆ, ಎಳೆಯ ತುದಿಗಳು ಹೊಲಿಗೆಯಲ್ಲಿ ಮರೆಯಾಗುತ್ತವೆ, ಒಂದು ರಿಂಗ್ ತುಸು ದೊಡ್ಡದಾದರೂ ನೂರು ರಿಂಗ್‌ಗಳ ನಡುವೆ ಅದು ಕಾಣುವುದಿಲ್ಲ. ಓಲೆಗೆ ಈ ಯಾವ ಆಸರೆಯೂ ಇಲ್ಲ. ಐದೋ ಆರೋ ರಿಂಗ್‌ಗಳು ಗಾಳಿಯಲ್ಲಿ ತೂಗುತ್ತಿರುತ್ತವೆ, ಮಾತಾಡುವವರ ಕಣ್ಣು ಒಂದು ಅಡಿ ದೂರದಲ್ಲಿರುತ್ತದೆ, ಹಿಂಬದಿಯೂ ಮುಂಬದಿಯಷ್ಟೇ ಕಾಣುತ್ತದೆ. ಆದ್ದರಿಂದ ಗಂಜಿಯ ವಿಚಾರಕ್ಕೆ ಆಮೇಲೆ ಬರುತ್ತೇನೆ. ಮೊದಲು ಗಂಟಿನ ಬಿಗಿಯನ್ನು ನೋಡೋಣ.

ಟ್ಯಾಟಿಂಗ್‌ನ ಪ್ರತಿ ಡಬಲ್ ಸ್ಟಿಚ್ ಎರಡು ಅರ್ಧಗಂಟುಗಳ ಜೋಡಿ. ಶಟಲ್‌ನ ಎಳೆಯನ್ನು ಕೈಗೆ ಸುತ್ತಿದ ಎಳೆಯ ಮೇಲೆ ಹಾಯಿಸುತ್ತೇವೆ, ಬಳಿಕ ಎಡಗೈ ಬೆರಳುಗಳನ್ನು ಸಡಿಲಿಸಿ ಶಟಲ್ ಎಳೆಯನ್ನು ನೆಟ್ಟಗೆ ಜಗ್ಗುತ್ತೇವೆ. ಆ ಕ್ಷಣದಲ್ಲಿ ಗಂಟು ಒಂದು ಎಳೆಯಿಂದ ಇನ್ನೊಂದಕ್ಕೆ ಮಗುಚಿಕೊಳ್ಳುತ್ತದೆ, ಶಟಲ್ ಎಳೆ ನಡುವಿನ ದಾರವಾಗಿ ಉಳಿದು ಗಂಟುಗಳೊಳಗೆ ಸಲೀಸಾಗಿ ಜಾರುತ್ತದೆ. ಇದು ನಿಮಗೆ ಗೊತ್ತಿರುವ ಸಂಗತಿಯೇ. ನಾನು ಹೇಳಬೇಕಾದದ್ದು ಅದರ ಮುಂದಿನ ಹೆಜ್ಜೆ: ಮಗುಚಿದ ಮೇಲೆ ಪ್ರತಿ ಅರ್ಧಗಂಟನ್ನೂ ನಡುಬೆರಳಿನಿಂದ ಕೈಎಳೆಯನ್ನು ಎತ್ತಿ ಹಿಂದಿನ ಗಂಟಿಗೆ ತಾಗುವಂತೆ ಬಿಗಿಮಾಡಬೇಕು. ಹೊಸದಾಗಿ ಕಲಿತವರು ರಿಂಗ್ ಸುಲಭವಾಗಿ ಮುಚ್ಚಿಕೊಳ್ಳಲೆಂದು ಗಂಟುಗಳನ್ನು ಸಡಿಲವಾಗಿಯೇ ಬಿಡುತ್ತಾರೆ. ಅಂಥ ರಿಂಗ್ ಮೊದಲ ದಿನ ಚೆನ್ನಾಗಿಯೇ ಕಾಣುತ್ತದೆ. ಒಗೆದಾಗ ಅಥವಾ ಬೆವರು ತಾಗಿದಾಗ ಗಂಟುಗಳು ಸರಿದು ನಡುವೆ ಸಂದು ಬಿಡುತ್ತವೆ, ಓಲೆ ಜೋತುಬೀಳುತ್ತದೆ. ಒಂದು ಪರೀಕ್ಷೆ ಹೇಳುತ್ತೇನೆ. ರಿಂಗ್‌ಗಳು ಸೇರಿ ಆದ, ಗಂಜಿ ಹಾಕದ ಒಂದು ಹೂವನ್ನು ಕೆಳತುದಿಯಲ್ಲಿ ಎರಡು ಬೆರಳುಗಳಿಂದ ಹಿಡಿದು ನೆಟ್ಟಗೆ ನಿಲ್ಲಿಸಿ. ಬಿಗಿಯಾಗಿ ಮಾಡಿದ ಹೂವು ತಾನಾಗಿ ನಿಲ್ಲುತ್ತದೆ. ಬಾಗಿದರೆ ಕೊರತೆ ಗಂಟಿನಲ್ಲಿದೆಯೆಂದು ತಿಳಿಯಿರಿ, ಗಂಜಿ ಅದನ್ನು ಕೆಲವು ದಿನ ಮರೆಮಾಚಬಲ್ಲದು ಅಷ್ಟೆ.

ಕೆಲವರು ಇದೇ ಕೆಲಸವನ್ನು ಉದ್ದ ಸೂಜಿಯಿಂದ ಮಾಡುತ್ತಾರೆ. ಸೂಜಿಯಲ್ಲಿ ಗಂಟನ್ನು ಮಗುಚುವ ಪ್ರಮೇಯವಿಲ್ಲ, ಕಲಿಯುವುದು ಸುಲಭ, ತಪ್ಪಾದರೆ ಬಿಚ್ಚುವುದೂ ಸುಲಭ. ಆದರೆ ಗಂಟುಗಳು ಸೂಜಿಯ ದಪ್ಪಕ್ಕೆ ಸುತ್ತಿಕೊಂಡಿರುತ್ತವೆ. ಸೂಜಿ ಹೊರಬಂದ ಮೇಲೆ ಅದಕ್ಕಿಂತ ತೆಳುವಾದ ಎಳೆ ಅವುಗಳ ಒಳಗೆ ಉಳಿಯುವುದರಿಂದ ಲೇಸ್ ಮೆತ್ತಗಿರುತ್ತದೆ. ಕೈಪಟ್ಟಿಗೆ ಆ ಮೆದುತನ ಹಿತವೇ. ನೆಟ್ಟಗೆ ನಿಲ್ಲಬೇಕಾದ ಓಲೆಗೆ ಶಟಲ್ ಕೆಲಸವೇ ಮೇಲೆಂಬುದು ನನ್ನ ಖಚಿತ ಅಭಿಪ್ರಾಯ.

ನೂಲಿನ ವಿಷಯದಲ್ಲಿ, ಅಂಕಿ ಹೆಚ್ಚಿದಂತೆ ಎಳೆ ತೆಳುವಾಗುತ್ತದೆ ಎಂಬುದನ್ನು ಮರೆಯಬಾರದು. 10ನೇ ಸಂಖ್ಯೆಯ ನೂಲು ದಪ್ಪ, 20 ಮಧ್ಯಮ, 40 ತೆಳು, 80 ಕೂದಲೆಳೆಯನ್ನು ನೆನಪಿಸುವಷ್ಟು ನವಿರು. ಮೊದಲ ಓಲೆಗಳಿಗೆ 20ನೇ ಸಂಖ್ಯೆಯ, ಬಿಗಿಯಾಗಿ ಹುರಿಗೊಳಿಸಿದ, ಮರ್ಸರೈಸ್ ಮಾಡಿದ (ಕ್ಷಾರದಲ್ಲಿ ಹದಗೊಳಿಸಿ ಹೊಳಪು, ಗಟ್ಟಿತನ ಕೊಟ್ಟ) ಹತ್ತಿನೂಲನ್ನು ಆರಿಸಿಕೊಳ್ಳಿ. ಹುರಿ ಬಿಗಿಯಿದ್ದಷ್ಟೂ ಗಂಟು ಸ್ಪಷ್ಟವಾಗಿ ಮೂಡುತ್ತದೆ, ನಡುವಿನ ಎಳೆ ನಯವಾಗಿ ಜಾರುತ್ತದೆ. ಕಸೂತಿಗೆ ಬಳಸುವ, ಆರು ಎಳೆಗಳಾಗಿ ಬಿಡಿಸಿಕೊಳ್ಳುವ ಸಡಿಲ ದಾರವನ್ನು ಅದರ ಬಣ್ಣಗಳ ಆಸೆಗೆ ತೆಗೆದುಕೊಳ್ಳಬೇಡಿ. ಶಟಲ್‌ನ ಮೂತಿಗೆ ಸಿಕ್ಕಿ ಎಳೆಗಳು ಬಿಚ್ಚಿಕೊಳ್ಳುತ್ತವೆ. ಜರಿ ದಾರವೂ ಒರಟು. ಅದರಲ್ಲಿ ರಿಂಗ್ ಮುಚ್ಚುವಾಗ ಎಳೆ ತುಂಡಾಗುವುದು ಸಾಮಾನ್ಯ, ಆದ್ದರಿಂದ ಜರಿ ಬೇಕೇ ಬೇಕೆಂದಿದ್ದರೆ ಅದನ್ನು ಚೈನ್‌ಗೆ ಶಟಲ್ ಜೊತೆ ಬಳಸುವ ಎರಡನೆಯ ಎಳೆಯಾಗಿ, ಅಂದರೆ ಉಂಡೆಯ ಎಳೆಯಾಗಿ ಇಟ್ಟುಕೊಂಡು, ಶಟಲ್‌ಗೆ ನಯವಾದ ಹತ್ತಿನೂಲನ್ನು ಸುತ್ತಿರಿ. ಹಾಗೆ ಮಾಡಿದರೆ ಚೈನ್‌ನಲ್ಲಿ ಕಾಣುವ ಗಂಟೆಲ್ಲ ಜರಿಯದಾಗುತ್ತದೆ, ಜಾರಬೇಕಾದ ಎಳೆ ಮಾತ್ರ ಹತ್ತಿಯದಾಗಿರುತ್ತದೆ.

ಈಗ ಒಂದು ಓಲೆಯನ್ನು ಮೊದಲಿನಿಂದ ಮಾಡೋಣ. ಐದು ರಿಂಗ್‌ಗಳ ಹೂವು ಇದಕ್ಕೆ ಸಾಕು. ಪ್ರತಿ ರಿಂಗ್‌ನಲ್ಲಿ ಐದೈದು ಡಬಲ್ ಸ್ಟಿಚ್‌ಗಳ ನಾಲ್ಕು ಗುಂಪುಗಳು, ಅವುಗಳ ನಡುವೆ ಮೂರು ಪಿಕೋಗಳು. ಅಕ್ಕಪಕ್ಕದ ಪಿಕೋಗಳಲ್ಲಿ ರಿಂಗ್‌ಗಳು ಒಂದಕ್ಕೊಂದು ಸೇರುತ್ತವೆ, ನಡುವಿನ ಪಿಕೋ ಹೊರಗೆ ಅಲಂಕಾರಕ್ಕೆ ಉಳಿಯುತ್ತದೆ. 20ನೇ ಸಂಖ್ಯೆಯ ನೂಲಿನಲ್ಲಿ ಹೂವು ಸುಮಾರು 2 ಸೆಂಟಿಮೀಟರ್ ಅಗಲ ಬರುತ್ತದೆ, ಓಲೆಗೆ ಒಪ್ಪುವ ಅಳತೆ.

ಮೊದಲ ರಿಂಗ್ ಆರಂಭಿಸುವ ಮುನ್ನ ಎರಡು ಪ್ರಶ್ನೆಗಳಿಗೆ ಉತ್ತರ ಸಿದ್ಧವಿರಲಿ: ಈ ಹೂವು ಎಲ್ಲಿಂದ ತೂಗುತ್ತದೆ, ಎಳೆಯ ತುದಿಗಳು ಎಲ್ಲಿ ಅಡಗುತ್ತವೆ? ತೂಗಿಸಲು ಎಲ್ಲರೂ ಮಾಡುವಂತೆ ಮುಗಿದ ಹೂವಿನ ಪಿಕೋ ಒಂದಕ್ಕೆ ಲೋಹದ ಪುಟ್ಟ ಬಳೆಯನ್ನು (ಒಡವೆಯ ಭಾಗಗಳನ್ನು ಕೂಡಿಸುವ ಸಣ್ಣ ತಂತಿಯ ಉಂಗುರ) ತೆರೆದು ಸಿಕ್ಕಿಸಿದರೆ, ಆ ಬಳೆಯ ಬಾಯಿಯ ಸಣ್ಣ ಸಂದಿನಲ್ಲಿ ಎಳೆ ಸಿಕ್ಕಿ ದಿನದಿನವೂ ಉಜ್ಜುತ್ತದೆ. ಪಿಕೋ ಎಂದರೆ ಗಂಟಿನ ರಕ್ಷಣೆಯಿಲ್ಲದ ಬರಿಯ ದಾರ. ಕೆಲವು ತಿಂಗಳಲ್ಲಿ ಅಲ್ಲಿಯೇ ಸವೆದು ಹರಿಯುತ್ತದೆ. ಅದರ ಬದಲು, ಬೆಸೆದು ಮುಚ್ಚಿದ, ಸಂದಿಲ್ಲದ 4 ಮಿಲಿಮೀಟರ್‌ನ ಬಳೆಯನ್ನು ತೆಗೆದುಕೊಂಡು, ಮೊದಲ ರಿಂಗ್‌ನ ನಡುವಿನ ಪಿಕೋ ಬರಬೇಕಾದ ಜಾಗದಲ್ಲಿ ಆ ಬಳೆಗೇ ಜೋಡಿಸಿರಿ. ಪಿಕೋಗೆ ಜೋಡಿಸುವ ಹಾಗೆಯೇ, ಸಣ್ಣ ಕ್ರೋಶ ಕೊಕ್ಕೆಯಿಂದ ಕೈಎಳೆಯನ್ನು ಬಳೆಯೊಳಗಿಂದ ಕುಣಿಕೆಯಾಗಿ ಎತ್ತಿ, ಶಟಲ್ ಅನ್ನು ಆ ಕುಣಿಕೆಯಲ್ಲಿ ತೂರಿಸಿ, ಬಿಗಿಮಾಡುವುದು. ಬಳೆ ಲೇಸ್‌ನ ಅಂಗವೇ ಆಗಿಬಿಡುತ್ತದೆ.

ಆರಂಭದ ತುದಿಯನ್ನು ಕೂಡ ಆಗಲೇ ಅಡಗಿಸಬಹುದು. ಮೊದಲ ಗಂಟು ಹಾಕಿದ ಮೇಲೆ ಆ ತುದಿಯನ್ನು ರಿಂಗ್‌ನ ಎಳೆಯ ಮಗ್ಗುಲಿಗೆ ಮಡಚಿ ಹಿಡಿದು, ಮುಂದಿನ ನಾಲ್ಕೈದು ಡಬಲ್ ಸ್ಟಿಚ್‌ಗಳು ಅದನ್ನೂ ಒಳಗೆ ಸೇರಿಸಿಕೊಳ್ಳುವಂತೆ ಹಾಕುತ್ತಾ ಹೋಗಿ. ಉಳಿದ ತುಂಡು ಹಿಂದೆ ನೇತಾಡುತ್ತಿರಲಿ. ಕೊನೆಯ ತುದಿಗೆ ಇನ್ನೊಂದು ಉಪಾಯವಿದೆ, ನನ್ನ ಕೆಲಸವನ್ನು ಇದರಷ್ಟು ಹಗುರಗೊಳಿಸಿದ್ದು ಬೇರೊಂದಿಲ್ಲ. ಕೊನೆಯ ರಿಂಗ್‌ನ ಕೊನೆಯ ಐದು ಡಬಲ್ ಸ್ಟಿಚ್ ಹಾಕುವಾಗ, ಬೇರೆ ಬಣ್ಣದ ಒಂದು ಗಟ್ಟಿ ದಾರವನ್ನು ಎರಡು ಮಡಿಕೆ ಮಾಡಿ ಗಂಟುಗಳೊಳಗೆ ಸೇರಿಸಿಕೊಳ್ಳಿ. ಅದರ ಕುಣಿಕೆ ರಿಂಗ್‌ನ ಬುಡದ ಕಡೆಗೆ, ಬಿಡಿ ತುದಿಗಳು ಹೂವಿನ ಹೊರಗಡೆಗೆ ಇರಲಿ. ರಿಂಗ್ ಮುಚ್ಚಿ, ಎಳೆಯನ್ನು 15 ಸೆಂಟಿಮೀಟರ್ ಬಿಟ್ಟು ಕತ್ತರಿಸಿ, ಆ ತುದಿಯನ್ನು ಕುಣಿಕೆಯಲ್ಲಿ ಪೋಣಿಸಿ, ಬಣ್ಣದ ದಾರದ ಬಿಡಿ ತುದಿಗಳನ್ನು ನಿಧಾನವಾಗಿ ಎಳೆಯಿರಿ. ಬಣ್ಣದ ದಾರ ಹೊರಗೆ ಬರುತ್ತದೆ, ನಿಮ್ಮ ತುದಿ ಅದರ ಹಾದಿಯಲ್ಲೇ ಗಂಟುಗಳ ಒಳಗೆ ಹೋಗಿ ಕೂರುತ್ತದೆ. ಕಣ್ಣಿಗೆ ಕಾಣುವ ಗಂಟೇ ಇರುವುದಿಲ್ಲ. ಹೊರಗುಳಿದ ಚೂರನ್ನು ಮಾತ್ರ ಆಗಲೇ ಕತ್ತರಿಸಬೇಡಿ. ಒಗೆದು, ಪಿನ್ ಮಾಡಿ, ಒಣಗಿಸಿದ ಮೇಲೆ ಕತ್ತರಿಸಿ, ಏಕೆಂದರೆ ಒದ್ದೆಯಾದಾಗ ನೂಲು ಸ್ವಲ್ಪ ಸರಿಯುತ್ತದೆ, ಮೊದಲೇ ಕತ್ತರಿಸಿದ ತುದಿ ಆಗ ಒಳಗಿಂದ ಹೊರಗೆ ಇಣುಕುತ್ತದೆ.

ಐದನೆಯ ರಿಂಗ್‌ನಲ್ಲಿ ಹಲವರು ಎಡವುವ ಒಂದು ಜಾಗವಿದೆ. ಆ ರಿಂಗ್ ನಾಲ್ಕನೆಯದಕ್ಕೂ ಸೇರಬೇಕು, ಸುತ್ತು ಪೂರ್ತಿಯಾಗಲು ಮೊದಲನೆಯದಕ್ಕೂ ಸೇರಬೇಕು. ಈ ಎರಡನೆಯ ಜೋಡಣೆಯನ್ನು ನೇರವಾಗಿ ಮಾಡಿದರೆ ಪಿಕೋ ತಿರುಚಿಕೊಂಡು, ಹೂವು ಆ ಜಾಗದಲ್ಲಿ ಉಬ್ಬಿ ಏಳುತ್ತದೆ. ಹೂವನ್ನು ಪುಸ್ತಕದಂತೆ ಮಧ್ಯಕ್ಕೆ ಮಡಚಿ, ಮೊದಲ ರಿಂಗ್‌ನ ಹಿಂಬದಿ ನಿಮ್ಮ ಕಡೆಗೆ ಬರುವಂತೆ ಅದನ್ನು ಕೈಎಳೆಯ ಬಳಿ ತನ್ನಿ. ಕೊಕ್ಕೆಯನ್ನು ಪಿಕೋದಲ್ಲಿ ತೂರಿಸಿ, ಕೊಕ್ಕೆಯ ಸಮೇತ ಪಿಕೋಗೆ ಅರ್ಧ ಸುತ್ತು ಕೊಟ್ಟು, ಕೈಎಳೆಯನ್ನು ಹಿಡಿದು ಕುಣಿಕೆ ಎತ್ತಿ. ಶಟಲ್ ತೂರಿಸುವ ಮೊದಲು ಒಮ್ಮೆ ಹೂವನ್ನು ಬಿಡಿಸಿ ನೋಡಿ: ಪಿಕೋದ ಎರಡು ಕಾಲುಗಳು ಒಂದರ ಮೇಲೊಂದು ಹಾಯ್ದಿದ್ದರೆ ಕುಣಿಕೆಯನ್ನು ಬಿಟ್ಟು, ಇನ್ನೊಂದು ಕಡೆಗೆ ಅರ್ಧ ಸುತ್ತು ಕೊಟ್ಟು ಮತ್ತೆ ಎತ್ತಿ. ಶಟಲ್ ತೂರಿ ರಿಂಗ್ ಮುಚ್ಚಿದ ಮೇಲೆ ಇದನ್ನು ತಿದ್ದುವುದು ಬಹಳ ಕಷ್ಟ.

ಜೋಡಿಯ ಎರಡು ಓಲೆಗಳು ಒಂದೇ ಅಳತೆಯಲ್ಲಿ ಬರಬೇಕಾದರೆ ಎರಡನ್ನೂ ಒಂದೇ ಕೂತಲ್ಲಿ ಮಾಡಬೇಕು. ಇಂದು ಒಂದು, ವಾರ ಬಿಟ್ಟು ಇನ್ನೊಂದು ಎಂದಾದರೆ ಕೈಯ ಬಿಗಿ ಬದಲಾಗಿಯೇ ಇರುತ್ತದೆ. ಪಿಕೋಗಳನ್ನು ಕಣ್ಣಳತೆಗೆ ಬಿಡಬೇಡಿ. ಗಟ್ಟಿ ಕಾಗದದಿಂದ 3 ಮಿಲಿಮೀಟರ್ ಅಗಲದ ಪಟ್ಟಿ ಕತ್ತರಿಸಿಕೊಂಡು, ಗಂಟುಗಳ ನಡುವೆ ಅದನ್ನು ಇಟ್ಟು ಎಳೆಯನ್ನು ಅದರ ಮೇಲೆ ಹಾಯಿಸಿದರೆ ಪ್ರತಿ ಪಿಕೋವೂ ಒಂದೇ ಎತ್ತರ ಬರುತ್ತದೆ. ಇದು ಹೊರಗೆ ಕಾಣುವ ನಡುವಿನ ಪಿಕೋಗಳ ಅಳತೆ. ಅಕ್ಕಪಕ್ಕದ ರಿಂಗ್ ಸೇರಿಸಲು ಇರುವ ಪಿಕೋಗಳು, ಕೊಕ್ಕೆಯ ತುದಿ ಹೋಗುವಷ್ಟು ಮಾತ್ರ, ಅತಿ ಚಿಕ್ಕವಾಗಿರಲಿ. ನಾನು ಎರಡು ಬೇಕಾದಾಗ ಮೂರು ಮಾಡುತ್ತೇನೆ. ಮೂರರಲ್ಲಿ ಎರಡು ಚೆನ್ನಾಗಿ ಹೊಂದಿಯೇ ಹೊಂದುತ್ತವೆ, ಉಳಿದದ್ದು ಬುಕ್‌ಮಾರ್ಕ್‌ನ ತುದಿಗೋ ಉಡುಗೊರೆಯ ಚೀಟಿಗೋ ಆಗುತ್ತದೆ.

ಮಣಿಗಳ ಬಗ್ಗೆ ಕೇಳಿದ್ದೀರಿ. 20ನೇ ಸಂಖ್ಯೆಯ ನೂಲಿಗೆ 11ನೇ ಅಳತೆಯ, ಅಂದರೆ ಸುಮಾರು 2 ಮಿಲಿಮೀಟರ್‌ನ ಗಾಜಿನ ಸಣ್ಣ ಮಣಿ ಹೊಂದುತ್ತದೆ. 10ನೇ ಸಂಖ್ಯೆಯ ದಪ್ಪ ನೂಲಿಗೆ 8ನೇ ಅಳತೆಯದು, ಸುಮಾರು 3 ಮಿಲಿಮೀಟರ್. ಇಲ್ಲಿಯೂ ಅಂಕಿ ಹೆಚ್ಚಿದಂತೆ ಮಣಿ ಚಿಕ್ಕದು. ಮಣಿ ಎಲ್ಲಿ ಕೂರಬೇಕೆಂಬುದರ ಮೇಲೆ ಅದನ್ನು ಯಾವ ಎಳೆಗೆ ಪೋಣಿಸಬೇಕೆಂಬುದು ನಿಂತಿದೆ. ರಿಂಗ್‌ನ ಪಿಕೋ ಮೇಲೆ ಮಣಿ ಬೇಕಿದ್ದರೆ, ನೂಲನ್ನು ಶಟಲ್‌ಗೆ ಸುತ್ತುವ ಮೊದಲೇ ಎಲ್ಲ ಮಣಿಗಳನ್ನೂ ಪೋಣಿಸಿಕೊಂಡು, ಪ್ರತಿ ರಿಂಗ್ ಆರಂಭಿಸುವಾಗ ಆ ರಿಂಗ್‌ಗೆ ಬೇಕಾದಷ್ಟು ಮಣಿಗಳನ್ನು ಕೈಸುತ್ತಿನ ಎಳೆಗೆ ತಳ್ಳಿಕೊಳ್ಳಬೇಕು. ಒಂದನ್ನು ತಳ್ಳಲು ಮರೆತರೆ ರಿಂಗ್‌ನ ನಡುವೆ ಅದನ್ನು ತರಲು ದಾರಿಯಿಲ್ಲ. ಚೈನ್‌ನ ಪಿಕೋಗಳಿಗೆ ಬೇಕಾದ ಮಣಿಗಳು ಉಂಡೆಯ ಎಳೆಯಲ್ಲಿರಬೇಕು. ಜೋಡಣೆಯ ಜಾಗದಲ್ಲಿ ಕೂರುವ ಮಣಿಯನ್ನು ಮಾತ್ರ ಮೊದಲೇ ಪೋಣಿಸಬೇಕಾಗಿಲ್ಲ: ಮಣಿಯನ್ನು 0.6 ಮಿಲಿಮೀಟರ್‌ನ ಕ್ರೋಶ ಕೊಕ್ಕೆಗೆ ಏರಿಸಿ, ಪಿಕೋವನ್ನು ಕೊಕ್ಕೆಯಿಂದ ಹಿಡಿದು ಮಣಿಯೊಳಗಿಂದ ಎಳೆದು, ಆಮೇಲೆ ಆ ಪಿಕೋಗೆ ಎಂದಿನಂತೆ ಜೋಡಿಸಬಹುದು. ಇದಕ್ಕಾಗಿ ಪಿಕೋ ಮಣಿಯ ಎತ್ತರಕ್ಕಿಂತ ಸ್ವಲ್ಪ ಉದ್ದವಿರಬೇಕು. ತೂತಿನ ಅಂಚು ಚೂಪಾಗಿರುವ ಮಣಿಗಳು ನೂಲನ್ನು ಕೊಯ್ಯುತ್ತವೆ. ಒಂದೊಂದು ಮಣಿಯನ್ನೂ ಒಂದು ತುಂಡು ನೂಲಿನ ಮೇಲೆ ಹತ್ತು ಸಲ ಆಚೀಚೆ ಓಡಿಸಿ, ನೂಲು ಜುಂಗುಬಿಟ್ಟರೆ ಅದನ್ನು ಬದಿಗಿಡಿ.

ಮಣಿಗಳನ್ನು ಕಡಿಮೆ ಬಳಸಿ ಎಂದೇ ನಾನು ಹೇಳುವೆ. ಇಟಲಿಯ ಭಾಷೆಯಲ್ಲಿ ಕಣ್ಣುಗಳಿಗೆ ಒಕ್ಕಿ ಎನ್ನುತ್ತಾರೆ. ಜರ್ಮನಿಯಲ್ಲಿ ಟ್ಯಾಟಿಂಗ್‌ಗೆ ಇರುವ ಹೆಸರುಗಳಲ್ಲಿ ಅದೂ ಒಂದು. ರಿಂಗ್‌ಗಳನ್ನು ಕಣ್ಣುಗಳೆಂದು ಕಂಡವರು ಲೇಸ್‌ನ ಚೆಲುವನ್ನು ಸರಿಯಾಗಿ ಗುರುತಿಸಿದ್ದರು. ತೆರೆದ ಜಾಗದಿಂದಲೇ ಲೇಸ್ ಲೇಸ್ ಆಗಿ ಕಾಣುವುದು. ಪ್ರತಿ ಪಿಕೋಗೂ ಮಣಿ ತುಂಬಿದರೆ ಕಣ್ಣು ಮುಚ್ಚಿಹೋಗುತ್ತದೆ, ಭಾರಕ್ಕೆ ರಿಂಗ್ ಕೆಳಗೆ ಜಗ್ಗುತ್ತದೆ.

ಇನ್ನು ಗಂಜಿ. ಮೊದಲು ಹೂವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಸೌಮ್ಯ ಸೋಪು ಹಾಕಿ ತೊಳೆಯಿರಿ, ಏಕೆಂದರೆ ಗಂಟೆಗಟ್ಟಲೆ ಕೈಯಲ್ಲಿ ಆಡಿದ ನೂಲಿಗೆ ಕೊಳೆ ಹತ್ತಿರುತ್ತದೆ, ಅದರ ಮೇಲೆ ಗಂಜಿ ಬಿದ್ದರೆ ಕೊಳೆ ಅಲ್ಲಿಯೇ ಉಳಿದುಬಿಡುತ್ತದೆ. ಕಡುಗೆಂಪು, ಕಡುನೀಲಿ ನೂಲಾದರೆ ತೊಳೆಯುವುದಕ್ಕೂ ಮುಂಚೆ ಒಂದು ತುಂಡನ್ನು ಒದ್ದೆಮಾಡಿ ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡಿ. ಒಮ್ಮೆ ಈ ಪರೀಕ್ಷೆ ಮಾಡದೆ ಕೆಂಪು ಮತ್ತು ಬಿಳಿ ಸೇರಿಸಿ ಒಂದು ಪದಕ ಮಾಡಿದೆ. ಪಿನ್ ಹಾಕಿ ಒಣಗಲು ಇಟ್ಟದ್ದನ್ನು ಬೆಳಿಗ್ಗೆ ನೋಡಿದಾಗ ಬಿಳಿಯ ಒಳಸುತ್ತೆಲ್ಲ ಮಸುಕು ಗುಲಾಬಿಯಾಗಿತ್ತು. ಎರಡು ದಿನದ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಬೇಕಾಯಿತು.

ಗಟ್ಟಿಗೊಳಿಸಲು ಸಕ್ಕರೆ ಪಾಕವನ್ನು ಬಳಸುವ ಹಳೆಯ ಪದ್ಧತಿಯೊಂದಿದೆ. ಒಡವೆಗೆ ಅದು ಬೇಡ. ಬೆವರಿಗೆ ಅಂಟಂಟಾಗುತ್ತದೆ, ಇರುವೆ ಹತ್ತುತ್ತದೆ. ಕಾಗದ ಅಂಟಿಸುವ ಬಿಳಿ ಗೋಂದನ್ನು ಸಮಪ್ರಮಾಣದ ನೀರಿನಲ್ಲಿ ಕಲಸಿ, ಹೂವನ್ನು ಅದರಲ್ಲಿ ಅದ್ದಿ, ಹತ್ತಿಬಟ್ಟೆಯ ನಡುವೆ ಇಟ್ಟು ಚೆನ್ನಾಗಿ ಒತ್ತಿ ಹಿಂಡಿ. ಗೋಂದು ನೂಲಿನ ಒಳಗಿರಬೇಕು, ಮೇಲೆ ಪೊರೆಯಾಗಿ ನಿಲ್ಲಬಾರದು. ದಪ್ಪಗೆ ಒಂದು ಸಲ ಹಚ್ಚಿದರೆ ಪಿಕೋದ ಕಣ್ಣುಗಳಲ್ಲಿ ಹೊಳೆಯುವ ಪೊರೆ ಕಟ್ಟಿಕೊಳ್ಳುತ್ತದೆ. ತೆಳುವಾಗಿ ಎರಡು ಸಲ ಹಚ್ಚಿದರೆ ಗಟ್ಟಿತನ ಬಂದರೂ ನೂಲಿನ ರೂಪ ಕೆಡುವುದಿಲ್ಲ. ಆಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಥರ್ಮಾಕೋಲ್ ಮೇಲೆ ಹೂವನ್ನು ಹರಡಿ, ತುಕ್ಕು ಹಿಡಿಯದ ಪಿನ್‌ಗಳಿಂದ ಮೊದಲು ನಡುವನ್ನು, ನಂತರ ಎದುರುಬದುರು ಪಿಕೋಗಳನ್ನು ಚುಚ್ಚುತ್ತಾ ಆಕಾರ ಕೊಡಿ. ಪ್ರತಿ ಪಿಕೋದೊಳಗೂ ಒಂದು ಪಿನ್ ಇಳಿಯಲಿ. ಈ ಅರ್ಧ ಗಂಟೆಯ ಕೆಲಸದಲ್ಲಿ ಆತುರ ಸಲ್ಲದು, ಒಣಗಿದ ಆಕಾರವೇ ಓಲೆಯ ಆಕಾರ. ಬಿಳಿ ಗೋಂದು ನೀರು ತಾಗಿದರೆ ಮತ್ತೆ ಮೆತ್ತಗಾಗುತ್ತದೆ ಎಂಬುದನ್ನು ಉಡುಗೊರೆ ಪಡೆದವರಿಗೆ ತಿಳಿಸಬೇಕು. ನೀರಿಗೆ ತುಸು ಹೆಚ್ಚು ತಾಳಬೇಕೆಂದರೆ, ಒಣಗಿದ ಹೂವಿನ ಹಿಂಬದಿಗೆ ನೀರಿನಲ್ಲಿ ಕಲಸುವ ಅಕ್ರಿಲಿಕ್ ವಾರ್ನಿಶ್ ಅನ್ನು ಕುಂಚದಿಂದ ಒಂದು ಸಲ ತೆಳುವಾಗಿ ಬಳಿಯಬಹುದು.

ಕಿವಿಯ ಕೊಕ್ಕೆಗೆ ತೂಗಿಸುವಾಗ ಹೂವಿನ ಮುಖ ಪಕ್ಕಕ್ಕೆ ತಿರುಗಿಬಿಡುವುದುಂಟು. ಒಂದು ಬಳೆಗೆ ಇನ್ನೊಂದು ಬಳೆ ಸೇರಿದಾಗಲೆಲ್ಲ ದಿಕ್ಕು ಕಾಲು ಸುತ್ತು ಬದಲಾಗುತ್ತದೆ. ಆದ್ದರಿಂದ ಕೊಕ್ಕೆಯನ್ನು ಬೆರಳಿಗೆ ತೂಗುಹಾಕಿ ನೋಡಿ, ಹೂವು ಪಕ್ಕಕ್ಕೆ ತಿರುಗಿದರೆ ನಡುವೆ ಇನ್ನೊಂದು ಸಣ್ಣ ಬಳೆ ಸೇರಿಸಿ, ಇಲ್ಲವೇ ಕೊಕ್ಕೆಯ ತುದಿಯ ಸುರುಳಿಯನ್ನು ಇಕ್ಕಳದಿಂದ ಕಾಲು ಸುತ್ತು ತಿರುವಿ. ಬಳೆಯನ್ನು ತೆರೆಯುವಾಗ ಎರಡು ತುದಿಗಳನ್ನು ಹಿಂದೆ ಮುಂದೆ ಸರಿಸಬೇಕೇ ಹೊರತು ಅಗಲಕ್ಕೆ ಹಿಗ್ಗಿಸಬಾರದು, ಹಿಗ್ಗಿಸಿದ ಬಳೆ ಮತ್ತೆ ದುಂಡಗಾಗುವುದಿಲ್ಲ. ನಿಕ್ಕಲ್ ಇರುವ ಅಗ್ಗದ ಕೊಕ್ಕೆಗಳು ಹಲವರ ಕಿವಿಯಲ್ಲಿ ತುರಿಕೆ, ಕೆಂಪು ತರುತ್ತವೆ. ಯಾರ ಕಿವಿ ಹೇಗೋ ಗೊತ್ತಿಲ್ಲದೆ ಉಡುಗೊರೆ ಕೊಡುವಾಗ ಟೈಟಾನಿಯಂ ಅಥವಾ ನಿಯೋಬಿಯಂ ಕೊಕ್ಕೆ ಹಾಕುವುದು ಕ್ಷೇಮ.

ಬುಕ್‌ಮಾರ್ಕ್ ಮತ್ತು ಕೈಪಟ್ಟಿಗಳಿಗೆ ಇಷ್ಟೆಲ್ಲ ಬೇಕಾಗಿಲ್ಲ. ಬುಕ್‌ಮಾರ್ಕ್‌ಗೆ 40ನೇ ಸಂಖ್ಯೆಯ ತೆಳು ನೂಲು ಸಾಕು. ಪುಟಗಳ ನಡುವೆ ಕೂರುವ ಭಾಗದಲ್ಲಿ ಮಣಿ ಬೇಡ, ಅದು ಕಾಗದದಲ್ಲಿ ಗುಳಿ ಮೂಡಿಸುತ್ತದೆ. ಮಣಿ ಇರಬೇಕೆಂದರೆ ಪುಸ್ತಕದ ಹೊರಗೆ ಇಳಿಯುವ ಕುಚ್ಚಿನಲ್ಲಿರಲಿ. ಕೈಪಟ್ಟಿಗೆ ಗೋಂದು ಹಚ್ಚಲೇಬಾರದು, ಮಣಿಕಟ್ಟಿನ ಜೊತೆ ಬಾಗುವುದೇ ಅದರ ಹಿತ. ಮಣಿಕಟ್ಟಿನ ಸುತ್ತಳತೆಗೆ 1 ಸೆಂಟಿಮೀಟರ್ ಸೇರಿಸಿ, ಒಂದು ತುದಿಗೆ ಗುಂಡಿಯನ್ನು ಜೋಡಣೆಯಿಂದಲೇ ಸೇರಿಸಿ, ಇನ್ನೊಂದು ತುದಿಯಲ್ಲಿ ಗುಂಡಿ ಬಿಗಿಯಾಗಿ ಹಾಯುವಷ್ಟು ದೊಡ್ಡ ರಿಂಗ್ ಮಾಡಿದರೆ ಲೋಹದ ಕೊಂಡಿಯೇ ಬೇಕಾಗುವುದಿಲ್ಲ. ಚಿಕ್ಕ ಮಕ್ಕಳಿರುವ ಮನೆಗೆ ಕೊಡುವ ಉಡುಗೊರೆಯಲ್ಲಿ ಮಣಿ, ಗುಂಡಿ ಎರಡೂ ಇಲ್ಲದಿರುವುದು ಒಳ್ಳೆಯದು.

ಎಷ್ಟು ನೂಲು ಬೇಕೆಂಬ ಅಂದಾಜು ಪ್ರತಿಯೊಬ್ಬರ ಕೈಗೂ ಬೇರೆ. ಶಟಲ್‌ನಿಂದ ಹೊರಬಂದ ಎಳೆಯಲ್ಲಿ 1 ಮೀಟರ್ ದೂರಕ್ಕೆ ಪೆನ್ಸಿಲ್ ಗುರುತು ಹಾಕಿ, ಆ ಗುರುತು ಮುಟ್ಟುವವರೆಗೆ ಎಷ್ಟು ರಿಂಗ್ ಆದವೆಂದು ಬರೆದಿಟ್ಟುಕೊಳ್ಳಿ. ಎಳೆಯ ನಡುವೆ ಗಂಟು ಹಾಕಿ ಮುಂದುವರಿಸುವ ಸಂಕಟ ಮುಂದೆ ಬರುವುದಿಲ್ಲ. ಈಗ ಮುದುಡಿರುವ ಓಲೆಗಳನ್ನು ಎಸೆಯಬೇಡಿ. ಬೆಚ್ಚಗಿನ ನೀರಿನಲ್ಲಿ ಹಳೆಯ ಗಂಜಿ ಬಿಡುವವರೆಗೆ ನೆನೆಸಿ ಒಣಗಿಸಿ, ಬೆಳಕಿಗೆ ಹಿಡಿದು ಗಂಟುಗಳ ನಡುವೆ ಎಲ್ಲೆಲ್ಲಿ ಸಂದು ಕಾಣುತ್ತದೆಯೆಂದು ಗುರುತಿಸಿ. ಸಾಮಾನ್ಯವಾಗಿ ಅದು ಪಿಕೋ ಆದ ಕೂಡಲೇ ಬರುವ ಮೊದಲ ಗಂಟಿನಲ್ಲಿ ಇರುತ್ತದೆ. ಮುಂದಿನ ಜೋಡಿಯನ್ನು ಮಾಡುವಾಗ ಆ ಒಂದು ಗಂಟಿನ ಬಳಿ ಕೈ ನಿಧಾನಿಸಲಿ.